ಮುಚ್ಚಳದ ಮೇಲಿನ ಬೊಟ್ಟು

ಕೆಮ್ಮಿತು, ಮತ್ತೆ ಕೆಮ್ಮಿತು, ಕಾಲ ಕೆಳಗಿನ ಪೆಡಲನ್ನು ಎಷ್ಟು ಒತ್ತಿದರೂ ಪ್ರಯೋಜನವಿಲ್ಲ, ಶಿರಾಳಕೊಪ್ಪ ದಾಟಿ ಆರು ಮೈಲಿ, ಸೊರಬಕ್ಕೆ ಇನ್ನೂ ಆರು, ಮೊನ್ನೆಯೂ ಇಲ್ಲೇ ಆಸುಪಾಸು — ಶಿಕಾರಿಪುರದಿಂದ ಹದಿನೇಳು ಮೈಲಿ ಕುದುರೆಯಂತೆ ಬಂದು ಆಮೇಲೆ ಮುಷ್ಕರ ಹೂಡುವುದು ಈ ಕಾರಿನ ಚಾಳಿ, ಇಂಜಿನ್ ನಿಂತ ಮೇಲೆ ಗಾಲಿ ಉರುಳುವ ಸದ್ದು, ಆಮೇಲೆ ಅದೂ ಇಲ್ಲ, ಎಡಗಡೆ ಸೀಟಿನ ಮೇಲೆ ಅವಳ ಕೈಗಡಿಯಾರ ಒಂದೇ ಟಿಕ್ ಟಿಕ್ ಅನ್ನುತ್ತಿದೆ. ಇವತ್ತು ಶುಕ್ರವಾರ, ಭಾನುವಾರ ಓಟ, ದಾವಣಗೆರೆಯ ಆಚೆ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಕಾರಿನ ಹುಚ್ಚು ಹಿಡಿದ ನನ್ನಂಥ ಹತ್ತು ಹನ್ನೆರಡು ಜನ ಸೇರಿ ನಡೆಸುವ ಓಟ, ಇಪ್ಪತ್ತು ಸುತ್ತು, ಗೆದ್ದವನಿಗೆ ಒಂದು ಹಾರ ಅಷ್ಟೆ, ಬಟ್ಟೆ ಅಂಗಡಿಯ ಶಾಂತವೀರಪ್ಪನಿಗೆ ಇದ್ಯಾಕೆ ಬೇಕಿತ್ತು ಎಂದು ಊರೆಲ್ಲ ನನ್ನನ್ನು ಆಡಿಕೊಂಡಿತು, ಬಸವಣ್ಣೆಮ್ಮ ಒಬ್ಬಳು ಆಡಿಕೊಳ್ಳಲಿಲ್ಲ, ನನ್ನ ಹೆಂಡತಿ, ಅಭ್ಯಾಸಕ್ಕೆ ಹೊರಟಾಗಲೆಲ್ಲ ಸೆರಗು ಬಿಗಿದು ಎಡಗಡೆ ಕೂತು ಗಡಿಯಾರ ನೋಡುತ್ತ ಮೈಲಿಗೆ ಎಷ್ಟು ನಿಮಿಷ ಎಂದು ಕೂಗಿ ಹೇಳುತ್ತಿದ್ದಳು, ಕಳೆದ ವರ್ಷ ಒಂಬತ್ತನೇ ಸುತ್ತಿಗೆ ಟೈರು ಒಡೆದು ನಾನು ಮುಖ ಗಂಟಿಕ್ಕಿಕೊಂಡು ಬಂದಾಗ ನಕ್ಕಳು, ಹೋಗ್ಲಿ ಬಿಡ್ರಿ, ಬರೋ ವರ್ಷ ಇಪ್ಪತ್ತೂ ಸುತ್ತು ಹೊಡ್ಕಂಡು ಬರ್ರಿ, ಅಷ್ಟು ಸಾಕು ನಂಗೆ. ಬರುವ ವರ್ಷ ಬಂದಿದೆ, ಅವಳು ಪುಷ್ಯಮಾಸದಲ್ಲಿ ನಾಲ್ಕು ದಿನದ ಜ್ವರಕ್ಕೆ ಹೋದಳು. ಇಪ್ಪತ್ತು ಸುತ್ತು ಮುಗಿಸುವುದೊಂದು ಬಿಟ್ಟರೆ ಅವಳಿಗಾಗಿ ಮಾಡುವಂಥದ್ದು ಈಗ ನನ್ನ ಕೈಯಲ್ಲಿ ಏನೂ ಉಳಿದಿಲ್ಲ, ಒಂಟಿತನಕ್ಕೆ ಅಂಗಡಿಯಲ್ಲಿ ಗಿರಾಕಿಗಳಿದ್ದಾರಲ್ಲ ಎನ್ನುತ್ತಾರೆ, ಗಿರಾಕಿಗೆ ಏನು ಹೇಳಿಕೊಳ್ಳಲಿ, ಮನೆಗೆ ಹೋದರೆ ಎರಡು ಲೋಟ ತೆಗೆದು ಒಂದನ್ನು ವಾಪಸು ಇಡುತ್ತೇನೆ.

ಮೂರು ತಿಂಗಳಿಂದ ಇದೇ ಗೋಳು, ಪೆಟ್ರೋಲು ಐತೆ ಸಾವ್ಕಾರ್ರೆ, ಇಂಜಿನ್ನಿಗೆ ಬರ್ತಿಲ್ಲ, ಅಷ್ಟೆ, ಅನ್ನುತ್ತಾನೆ ಮೆಕ್ಯಾನಿಕ್ ಜಹಾಂಗೀರ್, ಅಷ್ಟೆಯಂತೆ — ಪೈಪು ಊದಿದ, ಕಾರ್ಬೊರೇಟರು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ, ಹೊಸ ಪಂಪು ಹಾಕಿದ, ತಿರುವಿನಲ್ಲಿ ಪೆಟ್ರೋಲೆಲ್ಲ ಒಂದು ಮಗ್ಗುಲಿಗೆ ನುಗ್ಗಿ ಪೈಪಿನ ಬಾಯಿ ಬರಿದಾಗುತ್ತದೋ ಏನೋ ಎಂದು ಟ್ಯಾಂಕಿನ ಹೊಟ್ಟೆ ಕೊಯ್ದು ಒಳಗೆ ತೂತಿನ ತಗಡು ನಿಲ್ಲಿಸಿ ಬೆಸುಗೆ ಹಾಕಿದ, ತಿರುವಿನಲ್ಲಿ ಈಗ ಚೆನ್ನಾಗಿ ಓಡುತ್ತದೆ, ಸಾಯುವುದು ಮಾತ್ರ ಬಿಟ್ಟಿಲ್ಲ. ಅವನು ಟ್ಯಾಂಕು ಇಳಿಸಿದಾಗಲೆಲ್ಲ ನಾನು ಮುಚ್ಚಳವನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ, ಮುಚ್ಚಳ ಕೊಡ್ರಿ, ಅದನ್ನೂ ತೊಳೀತೀನಿ ಅನ್ನುತ್ತಿದ್ದ, ಮುಚ್ಚಳದಾಗೇನಿರ್ತದೆ ಹೋಗಯ್ಯ, ಪೈಪು ನೋಡು ಅನ್ನುತ್ತಿದ್ದೆ. ಆಯುಧಪೂಜೆ ದಿನ ಅವಳು ಬಾನೆಟ್ಟಿಗೆ, ಗಾಲಿಗೆ ವಿಭೂತಿ ಎಳೆದು, ಕೊನೆಗೆ ಹಿಂದೆ ಬಂದು ಈ ಮುಚ್ಚಳಕ್ಕೂ ಮೂರು ಬೆರಳು ಎಳೆದು ನಡುವೆ ಒಂದು ಕುಂಕುಮದ ಬೊಟ್ಟು ಒತ್ತಿದಳು, ಇದ್ರ ಬಾಯಿ ಇಲ್ಲೇ ಅಲ್ವೇನ್ರಿ, ಓಡೋವಾಗ ಕಾಯ್ಲಿ. ಬಾನೆಟ್ಟಿನದು, ಗಾಲಿಯದು ಎಲ್ಲ ತೊಳೆದು ಹೋಯಿತು, ಅವಳು ಹೋದ ಮೇಲೆ ಉಳಿದಿದ್ದು ಇದೊಂದೇ, ಅದೂ ಅಂಚಿನಲ್ಲಿ ಉದುರತೊಡಗಿತ್ತು, ಬಡಿಗೇರ ಕೆಂಪಪ್ಪನ ಹತ್ತಿರ ಅರಗಿನ ವಾರ್ನಿಷ್ ಇಸಕೊಂಡು ಅಂಗಡಿ ಬಾಗಿಲು ಹಾಕಿ ನಾನೇ ಬಳಿದೆ, ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ, ಬೊಟ್ಟಿನ ಮೇಲೆ ಕೂದಲೆಳೆಯಷ್ಟೂ ಜಾಗ ಬಿಡದಂತೆ.

ಜಹಾಂಗೀರ್ ಇದ್ದಿದ್ದರೆ ಬಾನೆಟ್ ಎತ್ತಿ ಹುಡುಕುತ್ತಿದ್ದ, ಅವನು ಜುಮ್ಮಾ ನಮಾಜಿಗೆ ಹೋಗಿದ್ದಾನೆ, ಕಟ್ಟಿಗೆ ಗಾಡಿಯ ಮುದುಕನೊಬ್ಬ ಎತ್ತು ನಿಲ್ಲಿಸಿ ಕೇಳುತ್ತಾನೆ, ಯಾಕ್ರೀ, ಎಣ್ಣೆ ಮುಗೀತಾ, ಇಲ್ಲ ಮಾರಾಯ, ತುಂಬ ಇದೆ ಅಂದೆ, ನೋಡಿದ್ರಾ, ನೋಡ್ಲಿಲ್ಲ, ಹಂಗಾದ್ರೆ ನೋಡ್ರಿ ಮೊದ್ಲು, ಅವನ ಬಾಯಿ ಮುಚ್ಚಿಸಲೆಂದೇ ಕರ್ಚೀಫು ಸುತ್ತಿ ಮುಚ್ಚಳ ತಿರುಗಿಸಿದೆ — ಸ್ಸ್ಸ್ ಎಂದು ಗಾಳಿ ಒಳಕ್ಕೆ ಎಳೆದುಕೊಂಡಿತು, ಒಳಕ್ಕೆ, ಎಷ್ಟೋ ಹೊತ್ತಿನಿಂದ ಕಾದಿದ್ದಂತೆ. ಓಡಿ ಹೋಗಿ ಸ್ಟಾರ್ಟ್ ಮಾಡಿದೆ, ಒಂದೇ ಸಲಕ್ಕೆ ಹಿಡಿಯಿತು. ನೋಡ್ರಿ, ಬರೇ ಮುಚ್ಚಳ ತೆಗೆದ್ರೆ ಸಾಕಾಯ್ತು ಎಂದು ಮುದುಕ ಹೆಮ್ಮೆಯಿಂದ ಗಾಡಿ ಹೊಡೆದುಕೊಂಡು ಹೋದ, ನಾನು ಮಾತ್ರ ಮುಚ್ಚಳ ಮಗುಚಿ ನೋಡುತ್ತಿದ್ದೇನೆ, ಒಳಮೈಯ ನಡುವೆ ಗುಂಡುಸೂಜಿ ಹೋಗುವಷ್ಟು ತೂತು, ಗಾಳಿಯ ದಾರಿ, ಅಡುಗೆಮನೆಯಲ್ಲಿ ಎಣ್ಣೆ ಡಬ್ಬಕ್ಕೆ ಅವಳು ಎರಡು ತೂತು ಹೊಡೆಯುತ್ತಿದ್ದಳಲ್ಲ, ಗಾಳಿ ಒಳಗೆ ಹೋಗ್ದೆ ಎಣ್ಣೆ ಹೆಂಗ್ ಬರ್ತತೆ ಹೇಳ್ರಿ. ಅವಳ ಕುಂಕುಮ ಗಾಳಿಯನ್ನು ತಡೆದಿರಲಿಲ್ಲ, ಪುಷ್ಯದವರೆಗೂ ಕಾರು ಓಡಿತ್ತು, ತಡೆದದ್ದು ನನ್ನ ವಾರ್ನಿಷ್, ನಾನೇ, ಜಹಾಂಗೀರನನ್ನು ಮೂರು ತಿಂಗಳು ಬೈದೆನಲ್ಲ, ನಾಚಿಕೆಯಾಗುತ್ತದೆ. ಮುಚ್ಚಳ ಸಡಿಲ ಬಿಟ್ಟು ಓಡಿಸಿದರೆ ತಿರುವಿನಲ್ಲಿ ಪೆಟ್ರೋಲು ಚೆಲ್ಲಿ ಬೆಂಕಿ ಹತ್ತುತ್ತದೆ, ಬೇರೆ ಮುಚ್ಚಳ ಹಾಕಿ ಇದನ್ನು ದೇವರ ಮುಂದೆ ಇಡಬಹುದು, ಇಡಬಹುದು, ಆದರೆ ಓಡೋವಾಗ ಕಾಯ್ಲಿ ಅಂದಿದ್ದಳು, ದೇವರ ಗೂಡಿನಲ್ಲಿ ಕೂರಲಿ ಅನ್ನಲಿಲ್ಲ, ಇಪ್ಪತ್ತು ಸುತ್ತಿಗೂ ಅವಳು ಜೊತೆಗೆ ಬರಬೇಕಾದರೆ ತೂತು ಬಿಡಿಸಬೇಕು, ಕಾರ್ಬೊರೇಟರ್ ಚುಚ್ಚುವ ಸಣ್ಣ ತಂತಿ ಇದೆ, ಒಳಗಿನಿಂದ ಒಂದು ಸಲ ಒತ್ತಿದರೆ ಆಯಿತು, ತಂತಿಯ ತುದಿ ಮೇಲೆ ಬರುವುದು ಎಲ್ಲಿ, ತಿರುಗಿಸಿ ಬಿಸಿಲಿಗೆ ಹಿಡಿಯುತ್ತೇನೆ — ಬೊಟ್ಟು, ವಾರ್ನಿಷಿನ ಕೆಳಗೆ ಕೆಂಪು ಬೊಟ್ಟು, ಅವಳು ಒತ್ತಿದ ಬೆರಳಿನ ತುದಿ ಹಾಗೇ ಅಚ್ಚಾಗಿದೆ, ಇಷ್ಟು ದಿನ ನೋಡಿರಲಿಲ್ಲ, ಸಣ್ಣ ಸಣ್ಣ ಗೆರೆ ಒಂದರೊಳಗೊಂದು ಸುತ್ತಿಕೊಂಡು ನಡುವಿಗೆ ಹೋಗುತ್ತವೆ, ತೂತು ಇರುವುದು ಸರಿಯಾಗಿ ಅಲ್ಲಿ, ಎಲ್ಲ ಗೆರೆಗಳೂ ಮುಗಿಯುವಲ್ಲಿ, ತಂತಿ ಒಳಗಿನಿಂದ ತಾಗಿ ನಿಂತಿದೆ, ಇನ್ನು ಒತ್ತಬೇಕು, ಬೆರಳಿನ ಗೆರೆ, ಒತ್ತಬೇಕು, ಅವಳ ಬೆರಳಿನ ನಡುವಿನ ಗೆರೆ —