ಪೆನ್ಸಿಲ್ ಬೆಂಚಿನ ಶೋಭಾರಾಣಿ

ಶಿಡ್ಲಘಟ್ಟದ ಚನ್ನಕೇಶವ ಮೇಷ್ಟ್ರ ಚಿತ್ರಕಲಾ ತರಗತಿಯಲ್ಲಿ ಎರಡು ಬೆಂಚುಗಳಿದ್ದವು. ಗೋಡೆಯ ಕಡೆಯದು ಪೆನ್ಸಿಲ್ ಬೆಂಚು, ಕಿಟಕಿಯ ಕಡೆಯದು ಬಣ್ಣದ ಬೆಂಚು. ಗೆರೆ ಹಿಡಿತಕ್ಕೆ ಬರುವವರೆಗೆ ಯಾರೂ ಬಣ್ಣ ಮುಟ್ಟುವಂತಿಲ್ಲ ಎಂಬುದು ಮೇಷ್ಟ್ರ ನಿಯಮ. ಮಕ್ಕಳು ಐದಾರು ತಿಂಗಳಲ್ಲಿ ಈ ಬೆಂಚಿನಿಂದ ಆ ಬೆಂಚಿಗೆ ದಾಟುತ್ತಿದ್ದರು. ಸಾದಲಿಯ ಶೋಭಾರಾಣಿ ಮಾತ್ರ ಒಂದೂವರೆ ವರ್ಷದಿಂದ ಗೋಡೆಗೆ ಒರಗಿ ಕೂತಿದ್ದಳು. ಅವಳಿಗೆ ನಲವತ್ತೊಂದು ವರ್ಷ. ಪಕ್ಕದಲ್ಲಿ ಕೂರುತ್ತಿದ್ದ ತನುಜಳಿಗೆ ಒಂಬತ್ತು.

ಅವಳು ಚಿತ್ರ ಕಲಿಯಲೆಂದು ಬಂದವಳಲ್ಲ. ಸೇರಿದ್ದು ಮಗಳು ಯಾಮಿನಿ. ಪ್ರತಿ ಭಾನುವಾರ ಅವಳನ್ನು ಬಸ್ಸಿನಲ್ಲಿ ಕರೆತಂದು, ತರಗತಿ ಮುಗಿಯುವವರೆಗೆ ಹಿಂದೆ ಕೂತು ಕಾಯಬೇಕಿತ್ತು. ಸುಮ್ಮನೆ ಯಾಕೆ ಕೂರಬೇಕೆಂದು ಶೋಭಾರಾಣಿ ಒಂದು ಹಾಳೆ ಕೇಳಿ ಪಡೆದಳು. ಕೆಲವೇ ವಾರಗಳಲ್ಲಿ ಯಾಮಿನಿ ಬೇಸರಗೊಂಡು ಶಟಲ್ ಆಡಲು ಹೋದಳು. ಅಮ್ಮ ಉಳಿದಳು.

ಅವಳ ತೊಂದರೆ ಒಂದೇ: ಯಾವುದನ್ನೂ ಬಿಡುತ್ತಿರಲಿಲ್ಲ. ಮೊದಲ ದಿನ ಬಸ್ಸು ಬರೆದಾಗ ಎರಡೂ ಪಕ್ಕದ ಚಕ್ರಗಳು, ಒಳಗಿನ ಪ್ರಯಾಣಿಕರು, ಸೀಟಿನ ಕೆಳಗೆ ಯಾರೋ ಇಟ್ಟಿದ್ದ ಕೋಳಿ, ಎಲ್ಲವೂ ಹೊರಗಿನಿಂದಲೇ ಕಾಣುತ್ತಿದ್ದವು. ಆಮೇಲೆ ಹಸು ಬರೆದಳು.

"ಈ ಕರು ಎಲ್ಲಿಂದ ಬಂತಮ್ಮ?" ಎಂದರು ಮೇಷ್ಟ್ರು.

"ಹೊಟ್ಟೆ ಒಳಗಿದೆ ಸಾರ್. ಏಳು ತಿಂಗಳು."

"ನಿಮಗೆ ಕಾಣ್ತಿದೆಯಾ?"

"ಕಾಣಲ್ಲ. ಆದ್ರೆ ಇದೆ ಸಾರ್, ಡಾಕ್ಟ್ರೂ ಹೇಳವ್ರೆ."

"ಗೊತ್ತಿರೋದೆಲ್ಲ ಬರೀಬೇಡಿ. ಕಂಡಿದ್ದನ್ನ ಬರೀರಿ, ಸಾಕು."

ಶೋಭಾರಾಣಿಗೆ ಇದು ಹಸುವಿಗೆ ಮಾಡಿದ ಅನ್ಯಾಯ ಎನಿಸಿತ್ತು.

ಮುಂದಿನ ತಿಂಗಳು ಚಿಕ್ಕಬಳ್ಳಾಪುರದಲ್ಲಿ ಚಿತ್ರ ಪ್ರದರ್ಶನ. ಬಣ್ಣದ ಬೆಂಚಿನವರ ಚಿತ್ರಗಳಿಗೆ ಮಾತ್ರ ಅಲ್ಲಿ ಜಾಗ. ಅಲ್ಲಿ ತನ್ನ ಚಿತ್ರ ತೂಗುತ್ತದೆ ಎಂದು ಗೌರಿಬಿದನೂರಿನ ತಂಗಿ ಭಾನುಪ್ರಿಯಾಗೆ ಅವಳು ಆಗಲೇ ಫೋನ್ ಮಾಡಿ ಹೇಳಿಯಾಗಿತ್ತು. ತಂಗಿ ಅದಕ್ಕೆಂದೇ ಸೀರೆ ತೆಗೆದಿಟ್ಟಿದ್ದಳು. ಬೆಂಚು ದಾಟಲು ಉಳಿದಿದ್ದುದು ಈ ಭಾನುವಾರದ ಪರೀಕ್ಷೆ ಮಾತ್ರ. ಜೀವ ಇರುವ ಏನನ್ನಾದರೂ ಮನೆಯಿಂದ ತಂದು, ತರಗತಿಯಲ್ಲೇ ನೋಡಿ ಬರೆಯಬೇಕು. ಕೊನೆಗೆ ಎದ್ದು ನಿಂತು, ಮೊದಲ ದಿನದ ಚಿತ್ರವನ್ನೂ ಇವತ್ತಿನದನ್ನೂ ಅಕ್ಕಪಕ್ಕ ಹಿಡಿದು, ತಾನು ಎಷ್ಟು ಬೆಳೆದಿದ್ದೇನೆಂದು ಹೇಳಬೇಕು.

ಮನೆಯಲ್ಲಿ ಅವಳು ಅಭ್ಯಾಸ ಮಾಡಿದ್ದಳು. ಕೋಳಿ ನಿಲ್ಲಲಿಲ್ಲ. ಅತ್ತೆ ಅಮ್ಮಾಜಮ್ಮ ತಲೆ ಬಾಚಿಕೊಂಡು ಬಂದು ಕೂತರು, ಆದರೆ ಬಾಯಿ ನಿಲ್ಲಲಿಲ್ಲ.

"ನನ್ನ ಹಲ್ಲು ಪೂರ್ತಿ ಬರಿ ಕಣೇ."

"ಎಲ್ಲಿವೆ ಅತ್ತೆ?"

"ಇದ್ದಾಗ ನೋಡಿದ್ದೀಯಲ್ಲ!"

ಆಗ ಶೋಭಾರಾಣಿಗೆ ಹುಳುಮನೆಯ ನೆನಪಾಯಿತು. ರೇಷ್ಮೆ ಹುಳುಗಳು ಶನಿವಾರ ಬೆಳಗ್ಗೆಯಷ್ಟೇ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುನ್ನ ಹುಳು ಮೇವು ಬಿಟ್ಟು, ತಲೆಯೆತ್ತಿ, ಒಂದು ಹಗಲು ಒಂದು ರಾತ್ರಿಯ ಮೇಲೂ ಅಲುಗಾಡದೆ ಕೂರುತ್ತದೆ. ಸಾಕುವವರು ಅದನ್ನು ಜ್ವರ ಎನ್ನುತ್ತಾರೆ. ಇದಕ್ಕಿಂತ ಶಿಸ್ತಿನ ಮಾಡೆಲ್ ಜಿಲ್ಲೆಯಲ್ಲೇ ಸಿಗದು. ಅವಳ ಲೆಕ್ಕದ ಪ್ರಕಾರ ಹುಳುಗಳು ಏಳುವುದು ಭಾನುವಾರ ಸಂಜೆ. ತರಗತಿ ಮಧ್ಯಾಹ್ನಕ್ಕೇ ಮುಗಿಯುತ್ತದೆ.

ಜ್ವರದ ಸಮಯದಲ್ಲಿ ಅಮ್ಮಾಜಮ್ಮ ಹುಳುಮನೆಯ ಬಾಗಿಲಲ್ಲಿ ಕಾಗೆ ಕೂರಲೂ ಬಿಡುತ್ತಿರಲಿಲ್ಲ. ಹೊಸ್ತಿಲು ದಾಟಿದ ಹುಳು ರೋಗ ಹೊತ್ತು ತರುತ್ತದೆ, ಮತ್ತೆ ಒಳಗೆ ಸೇರಿಸುವಂತಿಲ್ಲ. ಭಾನುವಾರ ಬೆಳಗ್ಗೆ ಅತ್ತೆ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಶೋಭಾರಾಣಿ ಐದಾರು ಹುಳುಗಳನ್ನು ಅವು ಅಂಟಿಕೊಂಡಿದ್ದ ಸೊಪ್ಪಿನ ಸಮೇತ ಟಿಫನ್ ಡಬ್ಬಿಗಿಟ್ಟುಕೊಂಡು ಬಸ್ಸು ಹತ್ತಿದಳು.

ತರಗತಿ ನಡೆಯುತ್ತಿದ್ದುದು ಮಹಡಿಯ ಮೇಲೆ, ಶೀಟಿನ ಸೂರಿನ ಕೆಳಗೆ. ಏಪ್ರಿಲ್ ತಿಂಗಳು. ಡಬ್ಬಿಯ ಮುಚ್ಚಳ ತೆಗೆದಿಟ್ಟು ಅವಳು ಬರೆಯತೊಡಗಿದಳು. ಹುಳುವಿಗೆ ಎಂಟು ಜೊತೆ ಕಾಲು. ಒಂದು ಪಕ್ಕದಿಂದ ನೋಡಿದರೆ ಕಾಣುವುದು ಎಂಟೇ ಕಾಲು. ಶೋಭಾರಾಣಿ ಹದಿನಾರನ್ನೂ ಬರೆಯಲು ಹೊರಟಿದ್ದಳು. ಆಚೆ ಪಕ್ಕದ ಐದನೇ ಕಾಲಿಗೆ ನೆರಳು ಕೊಡುತ್ತಿದ್ದಾಗ ತನುಜ ಮೊಣಕೈ ತಿವಿದಳು.

"ಆಂಟಿ, ನಿಮ್ಮ ಮಾಡೆಲ್ ಅಲ್ಲಾಡ್ತು."

"ಸುಮ್ನಿರಮ್ಮ. ಅದು ಸಾಯಂಕಾಲದ ತನಕ ಏಳಲ್ಲ."

"ಎದ್ದು ಬಟ್ಟೆ ಬಿಚ್ತಾ ಇದೆ ಆಂಟಿ!"

ಹುಳು ನಿಜವಾಗಿಯೂ ಪೊರೆ ಬಿಡುತ್ತಿತ್ತು. ಕಾವು ಹೆಚ್ಚಿದರೆ ಜ್ವರ ಬೇಗ ಮುಗಿಯುತ್ತದೆ. ಮನೆಯಲ್ಲಿ ಕಿಟಕಿಗೆ ಒದ್ದೆ ಗೋಣಿ ಕಟ್ಟುವವಳೇ ಅವಳು. ಆದರೆ ತಾನು ಕಟ್ಟಿದ ಗೋಣಿಯ ತಂಪನ್ನೇ ಲೆಕ್ಕಕ್ಕೆ ಹಿಡಿದು, ಮೇಷ್ಟ್ರ ಸೂರನ್ನು ಮರೆತಿದ್ದಳು. ನೋಡನೋಡುತ್ತಿದ್ದಂತೆ ಎರಡನೆಯದೂ ಎದ್ದಿತು, ಮೂರನೆಯದೂ ಎದ್ದಿತು. ಹಸಿದ ಹುಳುಗಳು ಡಬ್ಬಿಯ ಅಂಚು ಹತ್ತಿ ಬೆಂಚಿಗಿಳಿದವು. ಒಂದು ತನುಜಳ ಮಾವಿನಹಣ್ಣಿನ ಚಿತ್ರದ ಮೇಲೆ ನಡೆಯಿತು. ಬಣ್ಣದ ಬೆಂಚಿನಿಂದ ಅಂಬರೀಶ್ ಓಡಿಬಂದ.

"ಆಂಟಿ, ಬಿಸ್ಕೆಟ್ ಹಾಕ್ಲಾ?"

"ಹುಳ ಬಿಸ್ಕೆಟ್ ತಿನ್ನುತ್ತೇನೋ, ನಿನ್ ತಲೆ!"

"ಇನ್ನು ಹದಿನೈದು ನಿಮಿಷ," ಎಂದರು ಮೇಷ್ಟ್ರು, ತಲೆಯೆತ್ತದೆ.

ಅರ್ಧ ಬರೆದ ಚಿತ್ರದ ಹುಳು, ಹಳೆಯ ಪೊರೆಯಲ್ಲಿ ತಲೆಯೆತ್ತಿ ಕೂತಿದ್ದುದು, ಈಗ ಲೋಕದಲ್ಲೇ ಇರಲಿಲ್ಲ. ಶೋಭಾರಾಣಿ ಹೊಸ ಹಾಳೆ ಎಳೆದುಕೊಂಡಳು. ಬೆನ್ನಿನ ಬಾಗಿಗೆ ಒಂದು ಗೆರೆ ಎಳೆಯುವಷ್ಟರಲ್ಲಿ ಹುಳು ತಲೆಯೆತ್ತಿತು, ತಲೆಗೊಂದು ಗೆರೆ. ಕಾಲು ಬರೆಯೋಣವೆಂದರೆ ಹುಳು ಮುಂದೆ ಹೋಗಿತ್ತು. ಇನ್ನೊಂದನ್ನು ಹಿಡಿದಳು, ಅದೂ ಹೋಯಿತು. ಒಂದೊಂದಕ್ಕೂ ಮೂರ್ನಾಲ್ಕು ಗೆರೆ, ಅಷ್ಟೇ. ಆಚೆ ಪಕ್ಕದ ಕಾಲುಗಳಿಗಾಗಿ ಅಭ್ಯಾಸಬಲದಿಂದ ಒಮ್ಮೆ ಹುಡುಕಿದಳು. ಕಾಣಲಿಲ್ಲ. ಬೈದುಕೊಂಡು ಬಿಟ್ಟಳು.

"ಶೋಭಾರಾಣಿ, ನಿಮ್ಮ ಸರದಿ."

ಒಂದು ಕೈಯಲ್ಲಿ ಬಸ್ಸು, ಒಂದು ಕೈಯಲ್ಲಿ ಹುಳು ಹಿಡಿದು ಅವಳು ಎದ್ದಳು. ಬಸ್ಸಿನಲ್ಲಿ ಪೆನ್ಸಿಲ್ಲು ತಾಕದ ಜಾಗವೇ ಇರಲಿಲ್ಲ. ಹುಳುವಿನ ಹಾಳೆ ಮುಕ್ಕಾಲು ಪಾಲು ಖಾಲಿ. ಇದನ್ನು ನೋಡಿದ ಯಾರಾದರೂ ಇವಳು ಒಂದೂವರೆ ವರ್ಷದಲ್ಲಿ ಸೋಮಾರಿಯಾಗಿದ್ದಾಳೆ ಎಂದಾರು. ಭಾನುಪ್ರಿಯಾಗೆ ಸೀರೆ ಒಳಗಿಡು ಎಂದು ಹೇಗೆ ಹೇಳುವುದೆಂದು ಯೋಚಿಸುತ್ತಲೇ ಅವಳು ಬಸ್ಸನ್ನು ಇನ್ನೊಮ್ಮೆ ನೋಡಿದಳು. ಒಬ್ಬರನ್ನು ಬಿಟ್ಟರೂ ಅವರು ಸ್ಟಾಪಿನಲ್ಲೇ ಉಳಿದುಬಿಡುತ್ತಾರೆ ಎಂಬ ಭಯದಲ್ಲಿ ಯಾರೋ ಬರೆದಂತಿತ್ತು. ಒಂದೂವರೆ ವರ್ಷದ ಹಿಂದಿನ ಆ ಹೆಂಗಸನ್ನು ನೆನೆದು ಅವಳಿಗೆ ನಗುವೂ ಬಂತು, ಕನಿಕರವೂ ಹುಟ್ಟಿತು. ಆಮೇಲೆ ಹುಳುಗಳನ್ನು ನೋಡಿದಳು. ಕಾಲಿಲ್ಲದಿದ್ದರೂ ಅವು ನಡೆಯುತ್ತಿದ್ದವು.

ಕಲಿತುಬಂದ ಮಾತು ಮರೆತೇಹೋಯಿತು. "ಸಾರ್, ಆಗ ನಂಗೆ ತುಂಬಾ ಗೊತ್ತಿತ್ತು," ಎಂದಳು. "ಈಗ ಸ್ವಲ್ಪ ಕಮ್ಮಿಯಾಗಿದೆ."

ಮಕ್ಕಳು ಗೊಳ್ಳೆಂದು ನಕ್ಕರು. ಮೇಷ್ಟ್ರು ನಗಲಿಲ್ಲ. ಹಾಳೆ ಇಸಿದುಕೊಂಡು ಕನ್ನಡಕ ಮೇಲೇರಿಸಿದರು.

"ಕಾಲು ಎಲ್ಲಮ್ಮ?"

"ಬರೆಯೋಷ್ಟರಲ್ಲಿ ಹೊರಟೋಯ್ತು ಸಾರ್."

"ಒಳ್ಳೇದಾಯ್ತು." ಅವರು ಹಾಳೆ ವಾಪಸು ಕೊಟ್ಟು ಕಿಟಕಿಯ ಕಡೆ ಕೈ ತೋರಿಸಿದರು. "ಹೋಗಿ ಆ ಬೆಂಚಲ್ಲಿ ಕೂತ್ಕೊಳ್ಳಿ. ಲೇ, ಯಾರಾದ್ರೂ ನಮ್ಮ ಹಿತ್ತಲಿಂದ ಹಿಪ್ಪುನೇರಳೆ ಸೊಪ್ಪು ಕಿತ್ಕೊಂಡು ಬನ್ರೋ. ಪಾಪ, ಅವು ಏನು ಮಾಡಿದ್ವು?"

ಮಕ್ಕಳು ಒತ್ತರಿಸಿಕೊಂಡು ಜಾಗ ಬಿಟ್ಟರು. ಮೇಷ್ಟ್ರೇ ಬಣ್ಣದ ಪೆಟ್ಟಿಗೆ ತಂದು ಮುಂದಿಟ್ಟರು. ಶೋಭಾರಾಣಿ ಕುಂಚವನ್ನು ನೀರಿಗೆ ಅದ್ದಿ, ಪೆಟ್ಟಿಗೆಯ ಮೇಲೆ ಹಿಡಿದು, ಯಾವ ಬಣ್ಣವೆಂದು ಹುಡುಕತೊಡಗಿದಳು.

"ಹುಳ ಬಿಳಿ, ಹಾಳೇನೂ ಬಿಳಿ," ಎಂದ ಅಂಬರೀಶ್. "ಮುಗೀತಲ್ಲ ಆಂಟಿ!"

ಹೌದಪ್ಪ ಎನ್ನಲು ಬಾಯಿ ತೆರೆದಳು. ಹುಳು ಬಿಳಿ ಎಂಬುದು ಸಾದಲಿಯಲ್ಲಿ ಎಳೆಮಗುವಿಗೂ ಗೊತ್ತು. ಬಾಯಿ ಮುಚ್ಚಿ, ಹಿತ್ತಲಿಂದ ಬಂದ ಸೊಪ್ಪು ಕಡಿಯುತ್ತಿದ್ದ ಒಂದು ಹುಳುವನ್ನು ಎಲೆಯ ಸಮೇತ ಕಿಟಕಿಯ ಹತ್ತಿರ ಎತ್ತಿ ಹಿಡಿದಳು. ಆಗತಾನೆ ಎದ್ದ ಮೈಯಲ್ಲಿ ಬೂದಿ ಇತ್ತು, ಮಡಿಕೆಗಳಲ್ಲಿ ಒಂದಿಷ್ಟು ಹಳದಿ, ಹೊಟ್ಟೆಯ ಕೆಳಗೆ ಎಲೆಯ ಹಸಿರು. ಬಿಳಿಯನ್ನು ಹುಡುಕಬೇಕಾಗಿತ್ತು.

"ಬೂದಿ ಬಣ್ಣ ಯಾವ ಗುಣಿಯಲ್ಲಿದ್ಯಪ್ಪ?"

"ಅದು ಸಿಗಲ್ಲ ಆಂಟಿ, ಬೆರೆಸ್ಕೋಬೇಕು."

"ಹಂಗಾದ್ರೆ ನೀನು ಸ್ವಲ್ಪ ಆಚೆ ಸರ್ಕೊಳಪ್ಪ, ಬೆಳಕು ಬಿಡು," ಎಂದಳು ಶೋಭಾರಾಣಿ.