ಡಿಪೋದವರ ಊಟದ ಪಟ್ಟಿ

ಸಭೆಗೆ ಇನ್ನು ಮೂರೇ ದಿನ ಇತ್ತು. ದೇಶದ ಜನ ವರ್ಷದಿಂದ ವರ್ಷಕ್ಕೆ ಯಾಕೆ ದಪ್ಪಗಾಗುತ್ತಿದ್ದಾರೆ ಎಂದು ಪತ್ತೆಹಚ್ಚುವ ಅಧ್ಯಯನಕ್ಕೆ ಗುರುವಾರ ಬೆಳಿಗ್ಗೆ ತಜ್ಞರ ಸಮಿತಿ ಒಪ್ಪಿಗೆ ಕೊಡಬೇಕಿತ್ತು. ಅರವತ್ತು ಸಾವಿರ ಜನರನ್ನು ತೂಗಿ, ಅಳೆದು, ಮಾತಾಡಿಸಿ, ಎರಡು ವರ್ಷ ಅವರ ಬೆನ್ನು ಹತ್ತುವ ಕೆಲಸ. ಯಾರನ್ನು ಆರಿಸಬೇಕು, ಏನು ಕೇಳಬೇಕು, ಯಾವುದನ್ನು ಮೊದಲು ಕೇಳಬೇಕು ಎಂಬ ರೂಪುರೇಷೆಯನ್ನೆಲ್ಲ ಹಾಕಿದವಳು ಪುಟ್ಟಿ. ಸಂಸ್ಥೆಯಲ್ಲಿ ಅವಳು ಮುಖ್ಯ ಸಂಶೋಧಕಿ. ಪುಟ್ಟಿ ಎಂದು ಕರೆಯುವವಳು ಲೋಕದಲ್ಲಿ ಒಬ್ಬಳೇ, ಅವಳ ಅಕ್ಕ. ನಲವತ್ತೊಂದು ತುಂಬಿದರೂ ಆ ಹೆಸರು ಅವಳ ಬೆನ್ನು ಬಿಟ್ಟಿರಲಿಲ್ಲ.

ದೊಡ್ಡ ಅಧ್ಯಯನಕ್ಕೆ ಕೈಹಾಕುವ ಮೊದಲು ಸಣ್ಣದೊಂದು ಪ್ರಯೋಗ ಮಾಡಿ ನೋಡುವುದು ವಾಡಿಕೆ. ಅದಕ್ಕಾಗಿ ನಗರದ ಒಂದು ಬಸ್ ಡಿಪೋದ ನಲವತ್ತು ಚಾಲಕರನ್ನು ಆರಿಸಿದ್ದರು. ಒಬ್ಬೊಬ್ಬರೂ ಏಳು ದಿನ ತಾವು ತಿಂದದ್ದನ್ನೆಲ್ಲ ಪಟ್ಟಿಯಲ್ಲಿ ಬರೆಯಬೇಕು. ಹೆಸರು ಬೇಡ, ಬರೀ ನಂಬರು. ಅಕ್ಕ ಅದೇ ಡಿಪೋದಲ್ಲಿ ಹದಿನಾರು ವರ್ಷದಿಂದ ಬಸ್ಸು ಓಡಿಸುತ್ತಿದ್ದಳು. ಚಾಲಕರು ಮೊದಮೊದಲು ಹಿಂದೆಮುಂದೆ ನೋಡಿದಾಗ ಅಕ್ಕನೇ ನಾಲ್ಕು ಮಾತು ಹೇಳಿ ಒಪ್ಪಿಸಿದ್ದಳು. ತಂಗಿಯ ಮುಖ ನೋಡಿ ತಾನೂ ಸೇರಿಕೊಂಡಿದ್ದಳು.

ಸೋಮವಾರ ಮಧ್ಯಾಹ್ನ ಪಟ್ಟಿಗಳ ಕಟ್ಟು ಬಂತು. ಅಂಕಿಅಂಶ ನೋಡಿಕೊಳ್ಳುವ ಹಿರಿಯರನ್ನು ಸಂಸ್ಥೆಯಲ್ಲಿ ಎಲ್ಲರೂ ಲೆಕ್ಕದ ಮೇಷ್ಟ್ರು ಎನ್ನುತ್ತಿದ್ದರು. ಅವರು ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, ಒಂದೊಂದನ್ನೇ ಕಂಪ್ಯೂಟರಿಗೆ ಹಾಕುತ್ತ ಹೋದರು. ಹದಿನೇಳನೆಯದಕ್ಕೆ ಬಂದಾಗ ಅವರಿಗೆ ನಗು ತಡೆಯಲಾಗಲಿಲ್ಲ.

"ಇಲ್ನೋಡಿ ಮೇಡಂ. ಹೆಂಗಸು, ತೂಕ ನೂರಾ ಆರು ಕೆಜಿ. ಬೆಳಿಗ್ಗೆ ಒಂದು ಸೇಬು, ಮಧ್ಯಾಹ್ನ ತರಕಾರಿ ಸೂಪು, ರಾತ್ರಿ ಒಂದು ಲೋಟ ಹಾಲು. ಏಳೂ ದಿನ ಇದೇ. ಈಯಮ್ಮ ಗಾಳಿ ಕುಡಿದೇ ದಪ್ಪ ಆಗಿರ್ಬೇಕು."

ಪುಟ್ಟಿ ಹಾಳೆಯನ್ನು ಕೈಗೆ ತೆಗೆದುಕೊಂಡಳು. ಶಾಲೆಯ ದಿನಗಳಲ್ಲಿ ಅಕ್ಕ ಅವಳ ಪುಸ್ತಕಗಳಿಗೆ ರಟ್ಟು ಹಾಕಿ ಹೆಸರು ಬರೆದುಕೊಡುತ್ತಿದ್ದ ದುಂಡು ಅಕ್ಷರ ಅದು. ಮೇಷ್ಟ್ರ ಜೊತೆ ಅವಳು ನಗಲಿಲ್ಲ. ನಗಬೇಡಿ ಎನ್ನಲೂ ಬಾಯಿ ಬರಲಿಲ್ಲ.

ಉಳಿದ ಪಟ್ಟಿಗಳನ್ನು ತಿರುವಿ ಹಾಕಿದಳು. ನಲವತ್ತರಲ್ಲಿ ಮೂವತ್ತೆರಡು ಜನ ಬೆಳಿಗ್ಗೆ ಸೇಬು ತಿಂದಿದ್ದರು. ಜನ ತಿಂದದ್ದನ್ನು ಸ್ವಲ್ಪ ಕಡಿಮೆ ಬರೆಯುವುದು ಹೊಸದಲ್ಲ. ಅದನ್ನು ಸರಿದೂಗಿಸಲು ಸೂತ್ರವೇ ಇದೆ, ಹಾಕಿಬಿಟ್ಟರೆ ಮುಗಿಯಿತು ಎಂದು ಮೇಷ್ಟ್ರು ಸಮಾಧಾನ ಹೇಳಿದರು. ಆದರೆ ಒಂದು ಡಿಪೋಗೆ ಡಿಪೋವೇ ಮಾತಾಡಿಕೊಂಡು ಬರೆದದ್ದಕ್ಕೆ ಯಾವ ಸೂತ್ರ? ಇದೇ ಪಟ್ಟಿ ಹಿಡಿದು ಅರವತ್ತು ಸಾವಿರ ಜನರ ಮನೆಬಾಗಿಲಿಗೆ ಹೋದರೆ, ಎರಡು ವರ್ಷದ ಕೊನೆಗೆ ದೇಶದ ಕೈಗೆ ಸಿಗುವುದು ಒಂದು ದೊಡ್ಡ ಸುಳ್ಳು.

ಪಟ್ಟಿ ಬರೆದವರು ಯಾರೆಂದು ಗುರುತಿಸಕೂಡದು, ಗುರುತು ಸಿಕ್ಕರೂ ಅವರ ಹತ್ತಿರ ಹೋಗಿ ಕೆದಕಕೂಡದು. ಆ ನಿಯಮ ಬರೆದವಳೂ ಪುಟ್ಟಿಯೇ. ಅಂದು ಸಂಜೆ ಅವಳು ಅದನ್ನು ಮುರಿದು ಅಕ್ಕನ ಮನೆಗೆ ಹೋದಳು.

ಅಕ್ಕ ಕೆಲಸದಿಂದ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಪಾದಗಳು ಊದಿಕೊಂಡಿದ್ದವು. ಒಳಗೆ ಭಾವ ತರಕಾರಿ ಹೆಚ್ಚುವ ಸದ್ದು. ಪುಟ್ಟಿ ಸುತ್ತಿಬಳಸದೆ ಕೇಳಿಬಿಟ್ಟಳು.

"ಅಕ್ಕಾ, ಅಷ್ಟೊಂದು ಸೇಬು ಎಲ್ಲಿಂದ ಬಂತು?"

ಅಕ್ಕ ತಲೆ ಎತ್ತಿದಳು. "ನನ್ನ ಪಟ್ಟಿ ನೋಡಿದ್ಯಾ?"

"ಅಕ್ಷರ ಗೊತ್ತಾಯ್ತು."

"ಯಾರು ಬರೆದದ್ದು ಅಂತ ದೇವರಿಗೂ ಗೊತ್ತಾಗಲ್ಲ ಅಂತ ಹೇಳಿದವಳು ನೀನು. ಅದನ್ನೇ ನಂಬಿ ನಾನು ಎಲ್ರಿಗೂ ಹೇಳ್ದೆ."

ಒಳಗೆ ಹೆಚ್ಚುವ ಸದ್ದು ನಿಂತಿತು. ಅಕ್ಕ ಕಾಲನ್ನು ಬಕೆಟ್ಟಿನಿಂದ ತೆಗೆದು, ನಿಧಾನಕ್ಕೆ ಒರೆಸಿಕೊಂಡು, ಆಮೇಲೆ ನಡೆದದ್ದನ್ನು ಹೇಳಿದಳು. ತೂಕ ನೋಡಿದ್ದು ಕ್ಯಾಂಟೀನಿನ ಪಕ್ಕದ ಓಣಿಯಲ್ಲಿ, ಸಾಲು ನಿಲ್ಲಿಸಿ. ಸಂಸ್ಥೆಯಿಂದ ಬಂದ ನರ್ಸು ಪ್ರತಿಯೊಬ್ಬರ ತೂಕವನ್ನೂ ಗಟ್ಟಿಯಾಗಿ ಕೂಗಿ ಬರೆಸಿದಳು. ಅಕ್ಕನ ಸರದಿ ಬಂದಾಗ ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು, ಆದರೆ ಡಿಪೋ ಮ್ಯಾನೇಜರು ಕಂಬಕ್ಕೊರಗಿ ನಿಂತು ತನ್ನ ಡೈರಿಯಲ್ಲಿ ಏನೋ ಗೀಚಿಕೊಳ್ಳುತ್ತಿದ್ದ. ಸಂಜೆಯೊಳಗೆ ಸುದ್ದಿ ಹಬ್ಬಿತು: ನೂರು ಕೆಜಿ ದಾಟಿದವರನ್ನು ಸ್ಟಿಯರಿಂಗ್ ಬಿಡಿಸಿ ಬಸ್ಸು ತೊಳೆಯಲು ಹಾಕುತ್ತಾರಂತೆ. ಮರುದಿನ ಟೀ ಹೊತ್ತಿನಲ್ಲಿ ಎಲ್ಲರೂ ಸೇರಿ ಏನು ಬರೆಯಬೇಕೆಂದು ತೀರ್ಮಾನ ಮಾಡಿಕೊಂಡರು.

"ತೂಕ ಬಚ್ಚಿಡೋಕಾಗಲ್ಲ ಪುಟ್ಟಿ. ತಿನ್ನೋದ್ರಲ್ಲಾದ್ರೂ ನಮ್ಮ ತಪ್ಪಿಲ್ಲ ಅಂತ ಇರ್ಲಿ ಅಂದ್ಕೊಂಡ್ವಿ."

ಅದೆಲ್ಲ ಬರೀ ಗಾಳಿಮಾತು, ಅಂಥದ್ದಕ್ಕೆ ತಾನು ಬಿಡುತ್ತೇನೆಯೇ ಎಂದು ಪುಟ್ಟಿ ಅಂದಳು. ಅಕ್ಕ ಜಗಳಕ್ಕೆ ಬರಲಿಲ್ಲ. ಸಂಸ್ಥೆಗೂ ಡಿಪೋಗೂ ಆದ ಕರಾರನ್ನು ಓದಿದ್ದೀಯಾ ಎಂದಷ್ಟೇ ಕೇಳಿದಳು.

ಮಂಗಳವಾರ ಬೆಳಿಗ್ಗೆ ಪುಟ್ಟಿ ಕಡತ ತರಿಸಿ ಓದಿದಳು. ಆರನೆಯ ಪುಟದಲ್ಲಿ ಒಂದೂವರೆ ಸಾಲು ಇತ್ತು: ಪ್ರತಿ ಚಾಲಕರ ತೂಕದ ವಿವರವನ್ನು ಆಡಳಿತದ ಉಪಯೋಗಕ್ಕಾಗಿ ಡಿಪೋಗೆ ಒದಗಿಸತಕ್ಕದ್ದು. ಕೆಳಗೆ ನಿರ್ದೇಶಕರ ಸಹಿ. ಅದರ ಪಕ್ಕದಲ್ಲಿ ಅವಳದ್ದೇ ಸಹಿ. ಒಂದು ರಾಶಿ ಕಾಗದಗಳ ನಡುವೆ ಇದಕ್ಕೂ ಕಣ್ಣುಮುಚ್ಚಿ ಸಹಿ ಹಾಕಿದ್ದಳು.

ನಿರ್ದೇಶಕರು ಒಳ್ಳೆಯ ಮಾತಿನವರು, ಯಾರ ಮೇಲೂ ದನಿ ಏರಿಸಿದವರಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿ, ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಆ ಸಾಲಿಲ್ಲದಿದ್ದರೆ ಡಿಪೋ ಒಪ್ಪುತ್ತಲೇ ಇರಲಿಲ್ಲ, ಮುಂದೆ ಕಾರ್ಖಾನೆಗಳೂ ಕಚೇರಿಗಳೂ ಇದನ್ನೇ ಕೇಳುತ್ತವೆ ಎಂದರು. ಸಮಿತಿ ಈ ಸಲ ಮುಂದಕ್ಕೆ ಹಾಕಿದರೆ ಅಧ್ಯಯನ ಎದ್ದು ನಿಲ್ಲುವುದು ಕಷ್ಟ ಎಂದೂ ಸೇರಿಸಿದರು. ಕೊನೆಗೆ ಮೆಲ್ಲಗೆ ಕೇಳಿದರು:

"ಚಾಲಕರು ಮಾತಾಡಿಕೊಂಡು ಬರೆದ್ರು ಅಂತ ನಿಮಗೆ ಹೇಳಿದ್ಯಾರು?"

ಪುಟ್ಟಿ ಕಡತ ಮುಚ್ಚಿದಳು.

"ಹೇಳೋಕಾಗಲ್ಲ ಅಂದ್ರೆ ಗುರುವಾರ ಅದನ್ನ ಎತ್ತಬೇಡಿ. ಎತ್ತಿದ್ರೆ ಮೊದಲ ಪ್ರಶ್ನೆ ಇದೇ ಬರುತ್ತೆ. ಉತ್ತರ ಕೊಟ್ರೆ ನಿಮ್ಮ ಕುತ್ತಿಗೆಗೇ ಬರುತ್ತೆ."

ಅದು ಬೆದರಿಕೆಯೋ ಬುದ್ಧಿಮಾತೋ ಎಂದು ಅವಳಿಗೆ ಬಗೆಹರಿಯಲಿಲ್ಲ. ಸಂಜೆ ಫೋನು ಮಾಡಿ, ತೂಕದ ವಿವರ ಡಿಪೋಗೆ ಹೋಗುವುದು ನಿಜ ಎಂದು ಅಕ್ಕನಿಗೆ ಹೇಳಿದಳು. ತನ್ನ ಸಹಿ ಇರುವುದನ್ನೂ ಮುಚ್ಚಿಡಲಿಲ್ಲ. ಬೈದರೆ ಬೈಸಿಕೊಳ್ಳಲು ಸಿದ್ಧಳಾಗಿದ್ದಳು.

"ನಾಳೆ ರಜಾ ಹಾಕು," ಅಂದಳು ಅಕ್ಕ. "ಐದು ಗಂಟೆಗೆ ಡಿಪೋ ಗೇಟಿಗೆ ಬಾ. ನನ್ನ ಹಿಂದಿನ ಸೀಟಲ್ಲಿ ಕೂತ್ಕೋ. ಏನು ಕೇಳ್ಬೇಕು ಅಂತಾನೇ ನಿಂಗೆ ಗೊತ್ತಿಲ್ಲ."

ಬುಧವಾರ ಪುಟ್ಟಿ ಮುಂಜಾನೆಯಿಂದ ಸಂಜೆ ನಾಲ್ಕರವರೆಗೆ ಆ ಸೀಟಿನಲ್ಲಿ ಕೂತಳು. ಅಕ್ಕ ಅವಳ ಜೊತೆ ಹೆಚ್ಚು ಮಾತಾಡಲಿಲ್ಲ, ಕನ್ನಡಿಯಲ್ಲಿ ಕೂಡ ನೋಡಲಿಲ್ಲ. ಕೊನೆಯ ನಿಲ್ದಾಣದಲ್ಲಿ ಏಳು ನಿಮಿಷ ಬಿಡುವು. ಶೌಚಾಲಯ ರಸ್ತೆಯಾಚೆ ಇತ್ತು, ಬಾಗಿಲಿಗೆ ಬೀಗ. ಅದಕ್ಕೇ ಅಕ್ಕ ನೀರು ಮುಟ್ಟುತ್ತಿರಲಿಲ್ಲ. ಒಂಬತ್ತೂಮುಕ್ಕಾಲಿಗೆ ನಿಂತಲ್ಲೇ ಒಂದು ಬನ್ನು, ಸಕ್ಕರೆ ಹೆಚ್ಚಾದ ಟೀ. ಹತ್ತಿರದ ಅಂಗಡಿಯಲ್ಲಿ ಅಷ್ಟು ಬೇಗ ಕೈಗೆ ಸಿಗುವುದು ಅದೊಂದೇ. ಮಧ್ಯಾಹ್ನ ದಟ್ಟಣೆಯಲ್ಲಿ ಬಸ್ಸು ತಡವಾಯಿತು, ಊಟದ ಅರ್ಧ ಗಂಟೆ ರಸ್ತೆಯೇ ತಿಂದುಹಾಕಿತು. ಅಕ್ಕ ಮುಂದಿನ ಗಾಜಿನ ಕೆಳಗೆ ಬಿಸ್ಕತ್ತಿನ ಪೊಟ್ಟಣ ಒಡೆದಿಟ್ಟು, ಕೆಂಪು ದೀಪ ಬಿದ್ದಾಗಲೆಲ್ಲ ಒಂದೊಂದು ಬಾಯಿಗೆ ಹಾಕಿಕೊಂಡಳು. ಪುಟ್ಟಿ ಎಣಿಸಿದಳು, ಹತ್ತೊಂಬತ್ತು. ಅವಳ ಪಟ್ಟಿಯಲ್ಲಿ ಮೂರೇ ಚೌಕ ಇದ್ದವು: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ನಿಜ ಬರೆಯಬೇಕೆಂದು ಹಟ ಹಿಡಿದು ಕೂತರೂ ಈ ಹತ್ತೊಂಬತ್ತು ಬಿಸ್ಕತ್ತಿಗೆ ಅದರಲ್ಲಿ ಜಾಗವೇ ಇರಲಿಲ್ಲ.

ಬಸ್ಸನ್ನು ಡಿಪೋ ಒಳಗೆ ನಿಲ್ಲಿಸಿ ಇಳಿಯುವಾಗ ಅಕ್ಕ ಬಾಗಿಲಿನ ಕಂಬ ಹಿಡಿದು ಒಂದು ನಿಮಿಷ ನಿಂತಳು. ಮಂಡಿ ಮಡಚಲು ಬರುತ್ತಿರಲಿಲ್ಲ. ಪುಟ್ಟಿ ಕೈ ಚಾಚಿದಳು. ಅಕ್ಕ ಹಿಡಿದುಕೊಳ್ಳಲಿಲ್ಲ.

"ನಾಳೆ ನಾನು ಹೇಳ್ತೀನಿ ಅಕ್ಕಾ. ನಿನ್ನ ಹೆಸರು ತರಲ್ಲ."

"ಹೆಸರು ಬೇರೆ ತರಬೇಕಾ? ನಿಮ್ಮ ಆಫೀಸಲ್ಲಿ ತಂಗಿ ಇರೋರು ಈ ಡಿಪೋಲಿ ಎಷ್ಟು ಜನ ಇದಾರೆ?" ಅಕ್ಕ ಚೀಲ ಹೆಗಲಿಗೇರಿಸಿದಳು. "ಹೇಳಿದ್ರೂ ಕಷ್ಟ, ಹೇಳದಿದ್ರೂ ಕಷ್ಟ. ನಿಂಗೇನು ತೋಚುತ್ತೋ ಮಾಡು."

ಗುರುವಾರ ಸಮಿತಿಯ ಉದ್ದನೆಯ ಮೇಜಿನ ಸುತ್ತ ಒಂಬತ್ತು ಜನ ಕೂತಿದ್ದರು. ಅಧ್ಯಕ್ಷೆ ನಿವೃತ್ತ ವೈದ್ಯೆ, ಪೆನ್ಸಿಲು ಹಿಡಿದು ಪ್ರತಿ ಪುಟವನ್ನೂ ಓದಿಕೊಂಡು ಬರುವವರು. ನಿರ್ದೇಶಕರು ಪ್ರಯೋಗ ಸುಸೂತ್ರವಾಗಿ ಮುಗಿಯಿತೆಂದು ಹೇಳಿ ಪುಟ್ಟಿಯ ಕಡೆ ತಿರುಗಿದರು. ಅವಳು ಎದ್ದು ನಿಂತು, ಪ್ರಯೋಗ ಕೆಟ್ಟಿದೆ, ಈ ನಲವತ್ತು ಪಟ್ಟಿಗಳಲ್ಲಿ ಒಂದನ್ನೂ ನಂಬುವ ಹಾಗಿಲ್ಲ ಎಂದಳು. ಸೇಬಿನ ವಿಚಾರ ಹೇಳಿದಾಗ ಒಂದಿಬ್ಬರು ನಕ್ಕರು. ಆರನೆಯ ಪುಟ ಓದಿದಾಗ ಯಾರೂ ನಗಲಿಲ್ಲ.

ಅಧ್ಯಕ್ಷೆ ಪೆನ್ಸಿಲು ಕೆಳಗಿಟ್ಟರು. "ಇದು ನಿಮಗೆ ಹೇಗೆ ಗೊತ್ತಾಯ್ತು?"

ನಿರ್ದೇಶಕರು ಕಿಟಕಿಯ ಕಡೆ ಮುಖ ಮಾಡಿದರು.

"ಒಬ್ಬರ ಅಕ್ಷರ ಗುರುತು ಹಿಡಿದೆ. ಅವರ ಮನೆಗೆ ಹೋಗಿ ಕೇಳಿದೆ. ಹಾಗೆ ಮಾಡಬಾರದು ಅಂತ ಗೊತ್ತಿತ್ತು. ಆ ಕರಾರಿಗೆ ಓದದೆ ಸಹಿ ಹಾಕಿದವಳೂ ನಾನೇ."

ಅವಳನ್ನು ಹೊರಗೆ ಕೂರಲು ಹೇಳಿದರು. ಬೆಂಚಿನ ಮೇಲೆ ಒಂದು ಗಂಟೆ ಹತ್ತು ನಿಮಿಷ ಕೂತಳು. ಗೋಡೆಯಾಚೆ ಮಾತು ಕೇಳುತ್ತಿತ್ತು, ಪದಗಳು ಕೇಳುತ್ತಿರಲಿಲ್ಲ. ಒಮ್ಮೆ ನಿರ್ದೇಶಕರ ದನಿ ಏರಿದ್ದು ಕೇಳಿಸಿತು. ಅಷ್ಟು ವರ್ಷಗಳಲ್ಲಿ ಅದೇ ಮೊದಲು.

ತೀರ್ಮಾನವನ್ನು ಅಧ್ಯಕ್ಷೆಯೇ ಹೊರಗೆ ಬಂದು ಹೇಳಿದರು. ಕರಾರಿನ ಆ ಸಾಲು ರದ್ದು. ನಲವತ್ತು ಪಟ್ಟಿಗಳನ್ನೂ ತೂಕದ ದಾಖಲೆಯನ್ನೂ ಮೊಹರು ಮಾಡಿ ಇಡಬೇಕು, ಡಿಪೋಗೆ ಒಂದು ಅಂಕಿಯೂ ಹೋಗಕೂಡದು. ಪ್ರಯೋಗವನ್ನು ಮೊದಲಿನಿಂದ ಮಾಡಬೇಕು. ಅಧ್ಯಯನದ ಹೊಣೆ ಇನ್ನು ಲೆಕ್ಕದ ಮೇಷ್ಟ್ರಿಗೆ. ಪುಟ್ಟಿ ತಂಡದಲ್ಲಿ ಇರಬಹುದು, ಆದರೆ ಜನರಿಂದ ಬಂದ ಯಾವ ಕಾಗದವೂ ಅವಳ ಕೈಗೆ ಸಿಗಕೂಡದು. ತೀರ್ಮಾನ ಸರಿಯಾಗಿಯೇ ಇತ್ತು. ಆದರೂ ಮನೆಗೆ ಹೋಗಿ ಬಟ್ಟೆಯನ್ನೂ ಬದಲಿಸದೆ ಮಲಗಿಬಿಟ್ಟಳು.

ಡಿಪೋ ಮ್ಯಾನೇಜರು ಮರುವಾರವೇ ಅಕ್ಕನನ್ನು ಕೋಣೆಗೆ ಕರೆಸಿದ. ತಂಗಿಗೆ ಏನೇನು ಊದಿದ್ದೀಯ ಎಂದು ಮುಕ್ಕಾಲು ಗಂಟೆ ಹಿಂಡಿದ. ಅಕ್ಕ ಬಾಯಿ ಬಿಡಲಿಲ್ಲ. ಸಮಿತಿಯ ಪತ್ರ ಅವನ ಮೇಜಿನ ಮೇಲೇ ಇದ್ದದ್ದರಿಂದ ಅವನೂ ಮುಂದೆ ಹೋಗಲಿಲ್ಲ. ಇದೆಲ್ಲ ಪುಟ್ಟಿಗೆ ಗೊತ್ತಾದದ್ದು ಭಾವನಿಂದ. ಅಕ್ಕ ಎರಡು ತಿಂಗಳು ಅವಳ ಫೋನು ಎತ್ತಲಿಲ್ಲ.

ಆ ಎರಡು ತಿಂಗಳು ಪುಟ್ಟಿಯೂ ಮೇಷ್ಟ್ರೂ ಕೂತು ಎಲ್ಲವನ್ನೂ ಬದಲಿಸಿದರು. ಮೂರು ಚೌಕದ ಬದಲು ದಿನದ ಇಪ್ಪತ್ನಾಲ್ಕು ಗಂಟೆಗೂ ಒಂದೊಂದು ಸಾಲು ಬಂತು: ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ, ತಿನ್ನಲು ಹತ್ತಿರ ಏನು ಸಿಗುತ್ತಿತ್ತು, ಎಷ್ಟು ನಿದ್ದೆ ಮಾಡಿದಿರಿ. ತಿಂದದ್ದೇನು ಎಂಬ ಪ್ರಶ್ನೆ ಕೊನೆಗೆ ಹೋಯಿತು. ತೂಕ ನೋಡುವುದು ಪರದೆಯ ಹಿಂದೆ, ಒಬ್ಬೊಬ್ಬರನ್ನೇ ಕರೆದು, ಬಾಯಿಬಿಟ್ಟು ಹೇಳದೆ. ಕೈಬರಹವೇ ಬೇಡವೆಂದು ಮೇಷ್ಟ್ರು ಗುರುತು ಹಾಕುವ ಪಟ್ಟಿ ಮಾಡಿದರು. ಹಳೆಯ ಹದಿನೇಳನೆಯ ಪಟ್ಟಿಯ ಮಾತನ್ನು ಅವರು ಎಂದೂ ಎತ್ತಲಿಲ್ಲ. ಒಂದು ದಿನ ಮಾತ್ರ, ತಾನು ಅವತ್ತು ನಗಬಾರದಿತ್ತು ಎಂದು ತಲೆ ತಗ್ಗಿಸಿಕೊಂಡೇ ಹೇಳಿದರು.

ಎರಡನೆಯ ಪ್ರಯೋಗಕ್ಕೆ ಅದೇ ಡಿಪೋ ಬೇಕಿತ್ತು. ಸಮಿತಿಯ ಪತ್ರದ ಮೇಲೆ ಡಿಪೋ ಆ ಸಾಲಿಲ್ಲದ ಹೊಸ ಕರಾರಿಗೆ ಒಪ್ಪಿತ್ತು. ಆದರೆ ಚಾಲಕರಲ್ಲಿ ಈ ಸಲ ಯಾರು ತಾನೇ ನಂಬುತ್ತಾರೆ? ಪುಟ್ಟಿ ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಮನೆ ಬಾಗಿಲು ತಟ್ಟಿದಳು. ಅಕ್ಕ ಹೊಸ ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ, ಬೆರಳಿಟ್ಟುಕೊಂಡು ಓದಿದಳು. ಹೊಸ ಕರಾರನ್ನೂ ಕೇಳಿ ತೆಗೆದುಕೊಂಡು, ಆರನೆಯ ಪುಟವನ್ನು ಎರಡು ಸಲ ಓದಿದಳು.

"ನಾನು ತುಂಬಲ್ಲ," ಅಂದಳು. "ನೀನು ಏನೇ ಹೇಳು, ನನ್ನ ಹೊಟ್ಟೆ ವಿಚಾರ ನಿನ್ನ ಆಫೀಸಿಗೆ ಬೇಡ. ಆದ್ರೆ ಮಿಕ್ಕವರಿಗೆ ಹೇಳ್ತೀನಿ. ಓದಿ ನೋಡಿದೆ, ಪರವಾಗಿಲ್ಲ ಅಂತ."

"ಅಷ್ಟು ಸಾಕಕ್ಕಾ."

"ಸಾಕೋ ಬೇಕೋ, ಅಷ್ಟೇ ಇರೋದು. ಊಟ ಮಾಡಿದ್ಯಾ?"

ಮಾಡಿಲ್ಲ ಎಂದಳು ಪುಟ್ಟಿ. ಅಕ್ಕ ಎದ್ದು, ಮಂಡಿಯ ಮೇಲೆ ಕೈಯೂರಿಕೊಂಡು, ಅಡುಗೆಮನೆಗೆ ನಡೆದಳು.

ಆ ಸಲ ಮೂವತ್ತೊಂಬತ್ತು ಜನ ಪಟ್ಟಿ ತುಂಬಿಕೊಟ್ಟರು. ಕಾಗದಗಳನ್ನು ಪುಟ್ಟಿ ನೋಡಲಿಲ್ಲ, ನೋಡುವ ಹಾಗೂ ಇರಲಿಲ್ಲ. ಮೇಷ್ಟ್ರು ಮೊತ್ತದ ಅಂಕಿಗಳನ್ನು ಮಾತ್ರ ತಂದು ಅವಳ ಮುಂದಿಟ್ಟು, ಇನ್ನು ಅರವತ್ತು ಸಾವಿರಕ್ಕೆ ಹೊರಡಬಹುದು ಎಂದರು.