ಸೇತುವೆಯಾಚೆ ಬಾಡಿಗೆ ಕಡಿಮೆ

ಹೊಳೆಯ ಈಚೆ ಒಂದು ಊರು, ಆಚೆ ಒಂದು ಊರು, ನಡುವೆ ಸೇತುವೆ. ಡ್ರೈವರ್ ದಿನವಿಡೀ ಅದರ ಮೇಲೆ ಬಸ್ಸು ಓಡಿಸುತ್ತಿದ್ದ. ಬೆನ್ನ ಹಿಂದೆ ಕೂತವರದ್ದೆಲ್ಲ ಒಂದೇ ಮಾತು: ಈಚೆ ಒಂದು ಮನೆಗೆ ಕೊಡುವ ಬಾಡಿಗೆಯಲ್ಲಿ ಆಚೆ ಎರಡು ಮನೆ ಸಿಗುತ್ತವಂತೆ. ಕೇಳಿ ಕೇಳಿ ಅವನ ಕಿವಿ ತೂತಾಗಿತ್ತು. ಅವನಿದ್ದದ್ದು ಈಚೆಯೇ, ಒಂದೂವರೆ ಕೋಣೆಯಲ್ಲಿ. ಒಂದರಲ್ಲಿ ಅತ್ತೆ ಮತ್ತು ಅವರ ಹೊಲಿಗೆ ಯಂತ್ರ. ಉಳಿದರ್ಧದಲ್ಲಿ ಅವನು, ಹೆಂಡತಿ, ಒಲೆ. ಮಗ್ಗುಲು ಬದಲಿಸುವಾಗಲೂ ಗಂಡಹೆಂಡಿರು ಮಾತಾಡಿಕೊಂಡೇ ಬದಲಿಸಬೇಕಿತ್ತು.

"ನಾವೂ ಆಚೆಗೇ ಹೋಗೋಣ" ಅಂದಳು ಹೆಂಡತಿ. "ಮನೆ ನೋಡೋಕೆ ಅಮ್ಮನ್ನ ಕರ್ಕೊಂಡು ಹೋಗಿ. ನೀವೊಬ್ರೇ ಹೋದ್ರೆ ಅವರು ಕೇಳಿದಷ್ಟಕ್ಕೆ ತಲೆ ಆಡಿಸಿ ಬರ್ತೀರಿ."

ಅದೇನೂ ಸುಳ್ಳಲ್ಲ. ಅತ್ತೆ ಚೌಕಾಸಿಗೆ ನಿಂತರೆ ಅಂಗಡಿಯವರು ತಾವಾಗಿ ಬೆಲೆ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದರು.

ರಜೆಯ ದಿನ ಅತ್ತೆ ಅಳಿಯ ಇಬ್ಬರೂ ಹೊರಟರು. ಬೇರೆಯವನು ಓಡಿಸುವ ಬಸ್ಸಿನಲ್ಲಿ ಕೂತು ಅಭ್ಯಾಸವಿಲ್ಲದ ಡ್ರೈವರನ ಬಲಗಾಲು ತಿರುವು ತಿರುವಿಗೂ ಇಲ್ಲದ ಬ್ರೇಕು ತುಳಿಯುತ್ತಿತ್ತು.

"ಕಾಲು ಸುಮ್ನಿಡಿ ಅಳಿಯಂದ್ರೆ. ಮುಂದಿನ ಸೀಟಿನವರು ತಿರುಗಿ ನೋಡ್ತಿದ್ದಾರೆ."

ಮನೆ ಮೂರನೇ ಮಹಡಿಯಲ್ಲಿತ್ತು. ಎರಡು ಕೋಣೆ, ಅಗಲದ ಕಿಟಕಿ, ಚಿಲಕ ಸರಿಯಾಗಿ ಬೀಳುವ ಬಚ್ಚಲು. ಮನೆಯೊಡತಿ ಕೆಳಗೇ ಇದ್ದ ನಿವೃತ್ತ ಟೀಚರು. ಅವರು ಹೇಳಿದ ಬಾಡಿಗೆ ಈಚೆಯದರ ಅರ್ಧ. "ಆಯ್ತು" ಅನ್ನಲು ಅಳಿಯ ಬಾಯಿ ತೆರೆದ. ಅತ್ತೆ ಅವನ ಕಾಲು ತುಳಿದರು.

"ಲಿಫ್ಟಿಲ್ಲ" ಅಂದರು ಅತ್ತೆ.

"ಮೆಟ್ಟಿಲಿದೆ" ಅಂದರು ಟೀಚರು.

"ನನಗೆ ಮೊಣಕಾಲು ನೋವು."

"ನನಗೆ ಎರಡೂ ನೋವು."

ಅತ್ತೆಗೆ ಸರಿಸಮ ಸಿಕ್ಕಿದ್ದು ಅದೇ ಮೊದಲು. ನೀರಿನ ಟ್ಯಾಂಕು ನೋಡಿ ಬನ್ನಿ ಅಂತ ಅಳಿಯನನ್ನು ತಾರಸಿಗೆ ಅಟ್ಟಿದರು. ಅವನು ಇಳಿದು ಬರುವಷ್ಟರಲ್ಲಿ ಇಬ್ಬರೂ ಚಹಾ ಹೀರುತ್ತಾ ಡಾಕ್ಟರುಗಳನ್ನು ಬೈಯುತ್ತಿದ್ದರು. ಬಾಡಿಗೆ ಇನ್ನಷ್ಟು ಇಳಿದಿತ್ತು.

"ಮುಂಗಡ ಕೊಟ್ಟೆ" ಅಂದರು ಅತ್ತೆ, ಮೆಟ್ಟಿಲಿಳಿಯುತ್ತಾ.

"ಹಾಗಾದ್ರೆ ನಾವು ಯಾವಾಗ ಬರೋದು?"

"ನೀವ್ಯಾಕೆ ಬರ್ತೀರಿ? ಬರೋದು ನಾನು."

ಡ್ರೈವರ್ ಮೆಟ್ಟಿಲ ಕಂಬಿ ಹಿಡಿದು ನಿಂತುಬಿಟ್ಟ.

"ಇಷ್ಟು ಬಾಡಿಗೆ ನನ್ನ ಹೊಲಿಗೆಯಲ್ಲೇ ಹುಟ್ಟುತ್ತೆ. ನಮ್ಮೂರಲ್ಲಿ ಆಗೋ ಮಾತಲ್ಲ. ನಿಮಗೆಲ್ಲಿ ಎಚ್ಚರ ಆಗುತ್ತೋ ಅಂತ ಕೆಮ್ಮು ನುಂಗಿ ನುಂಗಿ ಸಾಕಾಗಿದೆ ನನಗೆ."

ಇಕ್ಕಟ್ಟು ತಮ್ಮಿಬ್ಬರಿಗೇ ಅಂತ ಅವನು ಇಷ್ಟು ದಿನ ಅಂದುಕೊಂಡಿದ್ದ. ಬಸ್ಸು ಸೇತುವೆ ದಾಟುವಾಗ, "ಯಂತ್ರ ನಾನೇ ಮೇಲಕ್ಕೆ ಹೊತ್ತುಕೊಡ್ತೀನಿ" ಅಂದ.

"ಮತ್ತೆ ಯಾರು ಹೊರ್ತಾರೆ?" ಅಂದರು ಅತ್ತೆ.

ಸುದ್ದಿ ಕೇಳಿ ಹೆಂಡತಿ ಗಳಗಳನೆ ಅತ್ತಳು. ಅಮ್ಮನ ಜೊತೆ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, ಖಾಲಿಯಾಗುವ ಕೋಣೆಯಲ್ಲಿ ಮಂಚವನ್ನು ಎಲ್ಲಿ ಹಾಕುವುದೆಂದು ಅಮ್ಮನನ್ನೇ ಕೇಳಿದಳು.

ಯಂತ್ರ ಹೊತ್ತು ಮಹಡಿ ಹತ್ತುವಾಗ ಡ್ರೈವರನಿಗೆ ಹೆಣ ಬಿದ್ದುಹೋಯಿತು. ಮೇಲೆ ನಿಂತ ಅತ್ತೆ ಮತ್ತು ಟೀಚರು, ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಅನ್ನುತ್ತಿದ್ದರು. ಸಂಜೆ ಮನೆಗೆ ಬಂದವನೇ ಒಲೆಯ ಪಕ್ಕ ಕಾಲು ಚಾಚಿ ಕೂತ. ಈಚೆಯ ಬಾಡಿಗೆ ಒಂದು ಪೈಸೆಯೂ ಇಳಿದಿರಲಿಲ್ಲ. ಮನೆ ಮಾತ್ರ ಬೆಳೆದಿತ್ತು.

"ಏನ್ ಮಾಡ್ತಿದ್ದೀರಿ?" ಅತ್ತೆ ಬಿಟ್ಟುಹೋದ ಕೋಣೆಯಿಂದ ಹೆಂಡತಿ ಕೂಗಿದಳು.

ಮದುವೆಯಾದಾಗಿನಿಂದ ಆ ಪ್ರಶ್ನೆ ಕೇಳುವ ಅಗತ್ಯವೇ ಅವಳಿಗೆ ಬಿದ್ದಿರಲಿಲ್ಲ. ಡ್ರೈವರ್ ಅಲ್ಲೇ ಉದ್ದಕ್ಕೆ ಮಲಗಿ, ಯಾರನ್ನೂ ಕೇಳದೆ ಒಮ್ಮೆ ಮಗ್ಗುಲು ಬದಲಿಸಿದ.